ನ್ಯೂರೋಎಂಡೋಕ್ರೈನ್ ಗಡ್ಡೆ: ಬಯಾಪ್ಸಿ ಬಾಟಲಿಯಿಂದ ರಿಪೋರ್ಟ್‌ವರೆಗೆ

ಬಯಾಪ್ಸಿ ರಿಪೋರ್ಟ್‌ನಲ್ಲಿ ‘ನ್ಯೂರೋಎಂಡೋಕ್ರೈನ್ ಟ್ಯೂಮರ್’ ಅಂತ ಕಂಡ ಕೂಡಲೇ ಮನೆಯವರು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಮೊದಲು ಸಿಗುವುದು ನಟ ಇರ್ಫಾನ್ ಖಾನ್ ಹೆಸರು. ತಮಗೆ ಈ ಕಾಯಿಲೆ ಇದೆ ಎಂದು ಅವರು 2018ರ ಮಾರ್ಚ್‌ನಲ್ಲಿ ತಿಳಿಸಿದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಮೇಲೆ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹೆಸರು ಬರುತ್ತದೆ. ಅಷ್ಟು ಓದಿದ ಮೇಲೆ ಯಾರಿಗೂ ಊಟ ಸೇರುವುದಿಲ್ಲ.

ಹಾರ್ಮೋನ್ ತಯಾರಿಸುವ ಬಗೆಯ ಜೀವಕೋಶಗಳಿಂದ ಹುಟ್ಟುವ ಗಡ್ಡೆ ಇದು. ಆದರೆ ಈ ಒಂದೇ ಹೆಸರಿನ ಕೆಳಗೆ ತೀರಾ ಬೇರೆ ಬೇರೆ ಸ್ವಭಾವದ ಗಡ್ಡೆಗಳಿವೆ. ಗುದನಾಳದಲ್ಲಿ ಸಿಗುವ ಅರ್ಧ ಸೆಂಟಿಮೀಟರ್ ಗಂಟನ್ನು ಪೂರ್ತಿ ತೆಗೆದರೆ ಬಹುತೇಕರ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಕೆಲವು ಗಡ್ಡೆಗಳು ಲಿವರ್‌ಗೆ ಹರಡಿದ್ದರೂ ವರ್ಷಗಟ್ಟಲೆ ನಿಧಾನವಾಗಿಯೇ ಬೆಳೆಯುತ್ತವೆ. ಇನ್ನು ಕೆಲವಕ್ಕೆ ತಡಮಾಡದೆ ಕೀಮೋ ಶುರು ಮಾಡಬೇಕು. ನಿಮ್ಮ ಮನೆಯವರದ್ದು ಇದರಲ್ಲಿ ಯಾವುದು ಎಂದು ತೀರ್ಮಾನಿಸುವುದು ಪ್ಯಾಥಾಲಜಿಸ್ಟ್, ಅಂದರೆ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ಪರೀಕ್ಷಿಸುವ ಡಾಕ್ಟರ ಕೆಲಸ. ಆ ಕೆಲಸ ಹೇಗೆ ನಡೆಯುತ್ತದೆ, ಯಾವ ಹಂತದಲ್ಲಿ ನೀವು ಏನು ಕೇಳಬೇಕು, ಏನು ಜೋಪಾನ ಮಾಡಬೇಕು ಎಂಬುದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಗಾಗಿ ಬರೆದಿದ್ದೇನೆ. ನಮ್ಮ ಲ್ಯಾಬ್ ಕಿಟಕಿಯ ಹತ್ತಿರ ನಿಂತು ಜನ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಕ್ಯಾನ್ಸರ್ ಹೌದೋ ಅಲ್ಲೋ, ಅಷ್ಟ ಹೇಳ್ರಿ ಸಾಕು.” ಈ ಗಡ್ಡೆಯ ವಿಷಯದಲ್ಲಿ ಹೌದು, ಅಲ್ಲ ಅಂದರೆ ಸಾಕಾಗುವುದಿಲ್ಲ. ದರ್ಜೆ (ಗ್ರೇಡ್) ಎಷ್ಟು, ಅಂದರೆ ಗಡ್ಡೆ ಎಷ್ಟು ವೇಗವಾಗಿ ಬೆಳೆಯುವಂಥದ್ದು ಅಂತಲೂ ಕೇಳಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಧೋಳ ಕಡೆಯ ಒಬ್ಬ ರೈತರು, ವಯಸ್ಸು ನಲವತ್ತೈದರ ಆಸುಪಾಸು. ಮೂಲವ್ಯಾಧಿ ಇರಬಹುದು ಅಂತ ತೋರಿಸಲು ಹೋದರು. ಕೊಲೊನೋಸ್ಕೋಪಿ ಮಾಡಿದಾಗ ಗುದನಾಳದಲ್ಲಿ 6 ಮಿಲಿಮೀಟರ್‌ನ, ಸ್ವಲ್ಪ ಹಳದಿ ಬಣ್ಣದ ನುಣುಪಾದ ಗಂಟು ಕಾಣಿಸಿತು. ಡಾಕ್ಟರು ಅದರ ತುಂಡು ತೆಗೆದು ಬಾಟಲಿಗೆ ಹಾಕಿದರು ಅಂದುಕೊಳ್ಳಿ.

ಮೊದಲ ಹೆಜ್ಜೆ: ಬಾಟಲಿ

ತುಂಡು ದೇಹದಿಂದ ಹೊರಗೆ ಬಂದ ಗಳಿಗೆಯಿಂದಲೇ ಕೆಡಲು ಶುರುವಾಗುತ್ತದೆ. ಅದನ್ನು ತಡೆಯುವುದು ಫಾರ್ಮಲಿನ್. ಶೇ 10ರ ಬಫರ್ಡ್ ಫಾರ್ಮಲಿನ್ ಬೇಕು, ತುಂಡಿನ ಗಾತ್ರಕ್ಕಿಂತ ಕನಿಷ್ಠ 10 ಪಟ್ಟು ಇರಬೇಕು. ಸಲೈನ್‌ನಲ್ಲಿ ಹಾಕಿದರೆ ಕೆಡುವುದು ನಿಲ್ಲುವುದಿಲ್ಲ. ಅಥಣಿ, ಇಂಡಿ, ಬಾದಾಮಿ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ ಎಷ್ಟೋ ಸಲ ಬಾಟಲಿಯನ್ನು ಸಂಬಂಧಿಕರ ಕೈಗೇ ಕೊಟ್ಟು ಕಳಿಸುತ್ತಾರೆ. ಅವರು ಬಸ್ಸಿನಲ್ಲಿ ಬಂದು ಲ್ಯಾಬ್‌ಗೆ ಮುಟ್ಟುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹಾಗಾಗಿ ಹೊರಡುವ ಮೊದಲೇ ಕೇಳಿ: “ಇದರಾಗ ಫಾರ್ಮಲಿನ್ ಹಾಕೀರಲ್ರೀ?” ಕೇಳುವುದಕ್ಕೆ ಸಂಕೋಚ ಬೇಡ.

ದೊಡ್ಡ ತುಂಡಾದರೆ ಬಾಟಲಿಯ ಬಾಯಿ ಅಗಲ ಇರಬೇಕು. ಕಿರಿದಾದ ಬಾಯಿಯ ಬಾಟಲಿಗೆ ಮೆತ್ತಗಿನ ತುಂಡನ್ನು ಹೇಗೋ ತುರುಕಬಹುದು. ಫಾರ್ಮಲಿನ್‌ನಲ್ಲಿ ಅದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಬಾಟಲಿ ಒಡೆದೋ ಕೊಯ್ದೋ ತೆಗೆಯಬೇಕಾಗುತ್ತದೆ, ಅಷ್ಟರಲ್ಲಿ ತುಂಡಿನ ಆಕಾರ ಕೆಟ್ಟಿರುತ್ತದೆ, ಅಂಚು ಯಾವುದು ಅಂತ ಗೊತ್ತಾಗುವುದಿಲ್ಲ. ತುಂಡು ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ ಇರಬೇಕು, 3 ದಿನ ದಾಟಬಾರದು ಎಂಬುದು ಸಾಮಾನ್ಯ ಲೆಕ್ಕ. ಫಾರ್ಮಲಿನ್‌ಗೆ ಹಾಕುವುದೇ ತಡವಾದರೆ ಒಡೆಯುತ್ತಿರುವ, ಅಂದರೆ ಒಂದು ಎರಡಾಗಿ ವಿಭಜನೆಯಾಗುತ್ತಿರುವ ಜೀವಕೋಶಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಮುಂದೆ ದರ್ಜೆ ನಿಲ್ಲುವುದೇ ಆ ಎಣಿಕೆಯ ಮೇಲೆ.

ಇಲ್ಲಿಯೇ ಇನ್ನೊಂದು ಮಾತು. ಅಪೆಂಡಿಕ್ಸ್ ತೆಗೆದ ಮೇಲೆ ‘ಸುಮ್ನೆ ಯಾಕೆ ಖರ್ಚು’ ಅಂತ ಅದನ್ನು ಪರೀಕ್ಷೆಗೆ ಕಳಿಸದೆ ಬಿಡುವುದುಂಟು. ಹಾಗೆ ಮಾಡಬೇಡಿ. ಅಪೆಂಡಿಕ್ಸ್‌ನ ತುದಿಯಲ್ಲಿ ಈ ಗಡ್ಡೆ ಸದ್ದಿಲ್ಲದೆ ಕೂತಿರುತ್ತದೆ. ಬೇರೆ ಯಾವ ಲಕ್ಷಣವೂ ಇರುವುದಿಲ್ಲ, ಸ್ಲೈಡ್‌ನಲ್ಲಷ್ಟೇ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಫಾರಂ ಖಾಲಿ ಬಿಡಬೇಡಿ

ಬಾಟಲಿಯ ಜೊತೆ ಒಂದು ಫಾರಂ ಬರುತ್ತದೆ. ಎಷ್ಟೋ ಸಲ ಅದರಲ್ಲಿ ಹೆಸರು, ವಯಸ್ಸು, ‘ಬಯಾಪ್ಸಿ’ ಅಂತ ಒಂದು ಪದ ಬಿಟ್ಟರೆ ಏನೂ ಇರುವುದಿಲ್ಲ. ತುಂಡನ್ನು ಎಲ್ಲಿಂದ ತೆಗೆದರು, ಗಂಟು ಎಷ್ಟು ದೊಡ್ಡದು, ಒಂದೇ ಇತ್ತೋ ಹಲವು ಇದ್ದವೋ, ಸ್ಕ್ಯಾನ್‌ನಲ್ಲಿ ಏನು ಕಂಡಿತು, ಮುಖ ಕೆಂಪಾಗುವುದು ಅಥವಾ ಪದೇಪದೇ ಭೇದಿ ಇದೆಯೋ, ಮೊದಲು ಯಾವುದಾದರೂ ಗಡ್ಡೆಯ ಆಪರೇಷನ್ ಆಗಿತ್ತೋ, ಇಷ್ಟು ಬೇಕು.

ಹೊಟ್ಟೆಯ ಗಂಟಿನ ವಿಷಯದಲ್ಲಂತೂ ಇದು ಬಹಳ ಮುಖ್ಯ. ಜಠರದ ಒಳಪದರ ತೆಳುವಾಗಿ ಆಮ್ಲ ಕಡಿಮೆಯಾದಾಗ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಏರುತ್ತದೆ, ಅದರಿಂದ ಸಣ್ಣ ಸಣ್ಣ ಗಂಟುಗಳು ಹುಟ್ಟುತ್ತವೆ. ಇದು ಮೊದಲ ಬಗೆ, ಸಾಮಾನ್ಯವಾಗಿ ಸೌಮ್ಯ ಸ್ವಭಾವದ್ದು. ಎರಡನೇ ಬಗೆಯನ್ನು ಇಲ್ಲಿಗೆ ಬಿಡೋಣ. ಮೂರನೇ ಬಗೆಯಲ್ಲಿ ಜಠರ ಚೆನ್ನಾಗಿಯೇ ಇರುತ್ತದೆ, ಒಂದೇ ದೊಡ್ಡ ಗಡ್ಡೆ ಇರುತ್ತದೆ. ಅದು ಹರಡುವ ಸಾಧ್ಯತೆ ಜಾಸ್ತಿ. ಬರೀ ಗಂಟಿನ ತುಂಡು ನೋಡಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಅದಕ್ಕೇ ಗಂಟಿಲ್ಲದ ಜಾಗದಿಂದಲೂ ಒಂದೆರಡು ತುಂಡು ಬೇರೆ ಬಾಟಲಿಯಲ್ಲಿ ಬಂದರೆ ನಮಗೆ ಅರ್ಧ ಉತ್ತರ ಸಿಕ್ಕಂತೆ.

ಮೂರನೇ ಹೆಜ್ಜೆ: ಮೇಣದ ಬ್ಲಾಕ್

ಇದು ಲ್ಯಾಬ್‌ನ ಒಳಗಿನ ಕೆಲಸ. ತುಂಡನ್ನು ಅಳೆದು, ನೋಡಿ, ಬೇಕಾದ ಭಾಗ ಕತ್ತರಿಸುವುದಕ್ಕೆ ಗ್ರಾಸಿಂಗ್ ಅನ್ನುತ್ತೇವೆ. ಆಮೇಲೆ ಆಲ್ಕೋಹಾಲ್‌ನಲ್ಲಿ ನೀರಿನ ಅಂಶ ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿಸಿ ಬ್ಲಾಕ್ ಮಾಡುತ್ತಾರೆ. ಬ್ಲಾಕ್‌ನಿಂದ 3–4 ಮೈಕ್ರಾನ್ ದಪ್ಪದ ಪದರ ಸೀಳಿ ಗಾಜಿನ ಸ್ಲೈಡ್ ಮೇಲೆ ಕೂರಿಸಿ ಬಣ್ಣ ಹಾಕುತ್ತಾರೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಆ ಪದರ ಎಷ್ಟು ತೆಳು ಅಂತ ಇದರಿಂದಲೇ ಗೊತ್ತಾಗುತ್ತದೆ. ಸಣ್ಣ ಬಯಾಪ್ಸಿಯ ಮೊದಲ ರಿಪೋರ್ಟ್‌ಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಲ್ಯಾಬ್‌ನವರು ಸುಮ್ನೆ ತಡ ಮಾಡುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ.

ನಾಲ್ಕನೇ ಹೆಜ್ಜೆ: ಮೈಕ್ರೋಸ್ಕೋಪ್ ಕೆಳಗೆ ಮೊದಲ ನೋಟ

ಮೊದಲ ಸ್ಲೈಡ್‌ಗೆ ಎರಡು ಬಣ್ಣ ಹಾಕಿರುತ್ತಾರೆ. ಹೆಮಟಾಕ್ಸಿಲಿನ್‌ನಿಂದ ಕೋಶಕೇಂದ್ರ ನೀಲಿಯಾಗುತ್ತದೆ, ಇಯೋಸಿನ್‌ನಿಂದ ಉಳಿದದ್ದು ಗುಲಾಬಿ. ಈ ಸಾದಾ ಸ್ಲೈಡ್‌ನಲ್ಲೇ ನಮ್ಮ ಅರ್ಧಕ್ಕಿಂತ ಜಾಸ್ತಿ ಕೆಲಸ ನಡೆಯುತ್ತದೆ.

ಕಡಿಮೆ ಪವರ್‌ನಲ್ಲಿ ನೋಡಿದಾಗ ಜೀವಕೋಶಗಳು ಗುಂಪು ಗುಂಪಾಗಿ ಕಾಣುತ್ತವೆ. ಕೆಲವು ಕಡೆ ದುಂಡನೆಯ ಗೂಡುಗಳು, ಕೆಲವು ಕಡೆ ಸಾಲು ಹಿಡಿದ ಪಟ್ಟಿಗಳು, ನಡುವೆ ಸಣ್ಣ ರಕ್ತನಾಳಗಳು. ಮುಧೋಳದ ರೈತರ ಗುದನಾಳದ ತುಂಡಿನಲ್ಲಿ ಹೆಚ್ಚಾಗಿ ಈ ಪಟ್ಟಿಗಳೇ ಕಾಣಿಸುತ್ತವೆ. ಪವರ್ ಏರಿಸಿದರೆ ಕೋಶಕೇಂದ್ರಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆಯವು, ದುಂಡಗಿನವು. ಅವುಗಳ ಒಳಗೆ ದಟ್ಟ ಚುಕ್ಕೆ, ತಿಳಿ ಚುಕ್ಕೆ ಬೆರೆತು, ಉಪ್ಪು ಮತ್ತು ಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಜಗತ್ತಿನ ಎಲ್ಲ ಕಡೆಯ ಪ್ಯಾಥಾಲಜಿಸ್ಟರೂ ಇದನ್ನು ಇದೇ ಹೋಲಿಕೆಯಿಂದ ಕರೆಯುತ್ತಾರೆ. ಇದು ಕಂಡರೆ ‘ನ್ಯೂರೋಎಂಡೋಕ್ರೈನ್ ಇರಬಹುದು’ ಎಂಬ ಗುಮಾನಿ ಗಟ್ಟಿಯಾಗುತ್ತದೆ.

ಇದರ ಜೊತೆಗೇ ಇನ್ನೆರಡು ವಿಷಯ ನೋಡುತ್ತೇವೆ. ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ? ಮಧ್ಯೆ ಸತ್ತುಬಿದ್ದ ಕೋಶಗಳ ರಾಶಿ ಇದೆಯಾ? ಆ ರಾಶಿ ಜಾಸ್ತಿ ಇದ್ದರೆ, ಕೋಶಕೇಂದ್ರಗಳು ದೊಡ್ಡದು ಚಿಕ್ಕದು, ಸೊಟ್ಟ ಪಟ್ಟ ಆಗಿದ್ದರೆ ಮನಸ್ಸು ಎಚ್ಚರಗೊಳ್ಳುತ್ತದೆ. ಅದು ಸೌಮ್ಯ ಸ್ವಭಾವದ ಗಡ್ಡೆ ಅಲ್ಲ.

ತೊಂದರೆ ಬರುವುದು ಚಿಮಟದಲ್ಲಿ ಹಿಸುಕಿಹೋದ ತುಂಡಿನಿಂದ. ಶ್ವಾಸಕೋಶದ ಸಣ್ಣ ಬಯಾಪ್ಸಿಗಳಲ್ಲಿ ಇದು ಹೆಚ್ಚು. ಹಿಸುಕಿದ ಕೋಶಗಳು ನೀಲಿ ಗೆರೆಗಳಾಗಿ ಹರಡಿಬಿಡುತ್ತವೆ. ನಿಧಾನದ ಗಡ್ಡೆಯೂ ಆಗ ಭಯಂಕರವಾಗಿ ಕಾಣಬಹುದು. ಹೀಗಿದ್ದಾಗ ಪ್ಯಾಥಾಲಜಿಸ್ಟ್ ‘ಮತ್ತೊಮ್ಮೆ ತುಂಡು ಕಳಿಸಿ’ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಸರಿಯಾಗಿ ಕಾಣದ ಸ್ಲೈಡ್ ಮೇಲೆ ಗಟ್ಟಿಯಾಗಿ ಹೇಳುವುದಕ್ಕಿಂತ ಅದೇ ಪ್ರಾಮಾಣಿಕ ಉತ್ತರ.

ಐದನೇ ಹೆಜ್ಜೆ: ಐಎಚ್‌ಸಿ

ಗುಮಾನಿಯನ್ನು ಖಾತ್ರಿ ಮಾಡುವ ಪರೀಕ್ಷೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಎಲ್ಲರ ಬಾಯಲ್ಲೂ ಐಎಚ್‌ಸಿ. ಒಂದೊಂದು ಪ್ರೋಟೀನ್‌ಗೆ ಮಾತ್ರ ಅಂಟುವ ಆ್ಯಂಟಿಬಾಡಿಯನ್ನು ಸ್ಲೈಡ್ ಮೇಲೆ ಹಾಕುತ್ತಾರೆ. ಆ ಪ್ರೋಟೀನ್ ಇದ್ದರೆ ಅಲ್ಲಿ ಕಂದು ಬಣ್ಣ ಬರುತ್ತದೆ. ಹೀಗೆ ಹುಡುಕುವ ಪ್ರೋಟೀನ್‌ಗೆ ಮಾರ್ಕರ್ ಅನ್ನುತ್ತಾರೆ. ಪ್ರತಿ ಮಾರ್ಕರ್‌ಗೆ ಬೇರೆ ಸ್ಲೈಡ್, ಸಾಮಾನ್ಯವಾಗಿ ಬೇರೆ ಹಣ. ಈ ಸೌಲಭ್ಯ ಎಲ್ಲ ಲ್ಯಾಬ್‌ಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಬ್ಲಾಕ್ ಅನ್ನು ದೊಡ್ಡ ಊರಿನ ಲ್ಯಾಬ್‌ಗೆ ಕೊರಿಯರ್ ಮಾಡುತ್ತಾರೆ, ರಿಪೋರ್ಟ್‌ಗೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಮುಂಚೆಯೇ ಎಷ್ಟು ಮಾರ್ಕರ್, ಎಷ್ಟು ಖರ್ಚು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ನಡೆಯುತ್ತದೆಯಾ ಅಂತ ಆಸ್ಪತ್ರೆಯ ಕೌಂಟರ್‌ನಲ್ಲಿ ವಿಚಾರಿಸಿಕೊಳ್ಳಿ.

ಈ ಗಡ್ಡೆಗೆ ಮುಖ್ಯವಾದವು ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಎ, ಐಎನ್‌ಎಸ್‌ಎಂ1. ಸಿಡಿ56 ಅನ್ನೂ ಹಾಕುತ್ತಾರೆ, ಆದರೆ ಅದೊಂದನ್ನೇ ನಂಬಿ ಹೆಸರು ಕೊಡಬಾರದು. ಬೇರೆ ಎಷ್ಟೋ ಗಡ್ಡೆಗಳಲ್ಲೂ ಅದು ಪಾಸಿಟಿವ್ ಬರುತ್ತದೆ. ಗಡ್ಡೆ ಎಪಿಥೀಲಿಯಂ (ಅಂಗಗಳ ಹೊದಿಕೆ ಪದರ) ಮೂಲದ್ದು ಎಂದು ತೋರಿಸಲು ಒಂದು ಕೆರಾಟಿನ್ ಮಾರ್ಕರ್ ಕೂಡ ಬೇಕು. ಯಾಕೆಂದರೆ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಇನ್ನೊಂದು ಗಡ್ಡೆ ನೋಡಲು ಹೀಗೇ ಇರುತ್ತದೆ, ಸಿನಾಪ್ಟೋಫೈಸಿನ್ ಕೂಡ ಪಾಸಿಟಿವ್ ಕೊಡುತ್ತದೆ, ಕೆರಾಟಿನ್ ಮಾತ್ರ ಸಾಮಾನ್ಯವಾಗಿ ನೆಗೆಟಿವ್.

ನಮ್ಮ ರೈತರ ರಿಪೋರ್ಟ್‌ನಲ್ಲಿ ‘ಸಿನಾಪ್ಟೋಫೈಸಿನ್ ಪಾಸಿಟಿವ್, ಕ್ರೋಮೋಗ್ರಾನಿನ್ ನೆಗೆಟಿವ್’ ಅಂತ ಬಂದಿದೆ ಅಂದುಕೊಳ್ಳಿ. ಒಂದು ಹೌದು, ಒಂದು ಅಲ್ಲ, ಹಾಗಾದರೆ ರಿಪೋರ್ಟ್ ತಪ್ಪೇ? ಅಲ್ಲ. ಗುದನಾಳದ ಈ ಗಡ್ಡೆಗಳಲ್ಲಿ ಕ್ರೋಮೋಗ್ರಾನಿನ್ ಎ ಎಷ್ಟೋ ಸಲ ನೆಗೆಟಿವ್ ಅಥವಾ ಬಹಳ ಮಂಕು. ಆ ಕೋಶಗಳ ಸ್ವಭಾವವೇ ಹಾಗೆ.

ಪ್ಯಾಂಕ್ರಿಯಾಸ್ ಗಡ್ಡೆಯಾದರೆ ಇನ್ನೂ ಹುಷಾರಾಗಿರಬೇಕು. ಹದಿಹರೆಯದ ಅಥವಾ ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಬರುವ ಸಾಲಿಡ್ ಸ್ಯೂಡೋಪ್ಯಾಪಿಲರಿ ಗಡ್ಡೆ ಇದನ್ನೇ ಹೋಲುತ್ತದೆ. ಅದರಲ್ಲೂ ಸಿನಾಪ್ಟೋಫೈಸಿನ್, ಸಿಡಿ56 ಪಾಸಿಟಿವ್ ಬರಬಹುದು. ಆದರೆ ಕ್ರೋಮೋಗ್ರಾನಿನ್ ಇರುವುದಿಲ್ಲ, ಬೀಟಾ ಕ್ಯಾಟೆನಿನ್ ಕೋಶಕೇಂದ್ರದೊಳಗೇ ಕಂದಾಗುತ್ತದೆ. ಇದರ ಚಿಕಿತ್ಸೆಯ ದಾರಿಯೇ ಬೇರೆ. ಒಂದೇ ಮಾರ್ಕರ್‌ನಿಂದ ತೀರ್ಮಾನ ಮಾಡಬಾರದು ಅಂತ ಪದೇಪದೇ ಹೇಳುವುದು ಇದಕ್ಕೇ.

ಆರನೇ ಹೆಜ್ಜೆ: ದರ್ಜೆ

ಇಡೀ ರಿಪೋರ್ಟ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ದರ್ಜೆ ಬರೆಯದ ರಿಪೋರ್ಟ್ ಅರ್ಧ ರಿಪೋರ್ಟ್.

ದರ್ಜೆಗೆ ಎರಡು ಎಣಿಕೆ. ಒಂದು, ಒಡೆಯುತ್ತಿರುವ ಕೋಶಗಳು ಎಷ್ಟು. ಇದನ್ನು 2 ಚದರ ಮಿಲಿಮೀಟರ್ ಜಾಗಕ್ಕೆ ಇಷ್ಟು ಅಂತ ಬರೆಯುತ್ತಾರೆ. ಹಿಂದೆ ‘ಹತ್ತು ಹೈ ಪವರ್ ಫೀಲ್ಡ್‌ಗೆ’ ಅಂತ ಬರೆಯುತ್ತಿದ್ದರು. ಮೈಕ್ರೋಸ್ಕೋಪಿನಿಂದ ಮೈಕ್ರೋಸ್ಕೋಪಿಗೆ ಕಾಣುವ ಜಾಗ ಬೇರೆ ಇರುವುದರಿಂದ ಈಗ ಚದರ ಮಿಲಿಮೀಟರ್ ಲೆಕ್ಕವೇ ಸರಿ. ಎರಡನೆಯದು ಕೆಐ-67. ಬೆಳೆಯಲು ಸಿದ್ಧವಾಗಿರುವ ಕೋಶಗಳ ಕೇಂದ್ರದಲ್ಲಿ ಇರುವ ಪ್ರೋಟೀನ್ ಇದು. ಐಎಚ್‌ಸಿ ಮಾಡಿದಾಗ ಅಂಥ ಕೋಶಗಳಷ್ಟೇ ಕಂದಾಗುತ್ತವೆ, ಉಳಿದವು ನೀಲಿ.

ಜಠರ, ಕರುಳು, ಪ್ಯಾಂಕ್ರಿಯಾಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಹೀಗಿದೆ. ಕೆಐ-67 ಶೇ 3ಕ್ಕಿಂತ ಕಡಿಮೆ, ಒಡೆಯುವ ಕೋಶ 2ಕ್ಕಿಂತ ಕಡಿಮೆ ಇದ್ದರೆ ಜಿ1. ಕೆಐ-67 ಶೇ 3ರಿಂದ 20, ಅಥವಾ ಒಡೆಯುವ ಕೋಶ 2ರಿಂದ 20 ಇದ್ದರೆ ಜಿ2. ಎರಡರಲ್ಲಿ ಯಾವುದಾದರೂ 20 ದಾಟಿದರೆ ಜಿ3. ಎರಡು ಎಣಿಕೆ ಬೇರೆ ಬೇರೆ ದರ್ಜೆ ತೋರಿಸಿದರೆ ಮೇಲಿನ ದರ್ಜೆಯೇ ನಿಲ್ಲುತ್ತದೆ.

ಈ ಎಣಿಕೆ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಇಡೀ ಸ್ಲೈಡ್ ಮೇಲೆ ಮೊದಲು ಕಣ್ಣಾಡಿಸಿ, ಕಂದು ಚುಕ್ಕೆ ಎಲ್ಲಿ ಅತಿ ದಟ್ಟವಾಗಿದೆಯೋ ಆ ಜಾಗ ಹುಡುಕುತ್ತೇವೆ. ಅದಕ್ಕೆ ಹಾಟ್ ಸ್ಪಾಟ್ ಅಂತ ಹೆಸರು. ಅದರ ಫೋಟೋ ತೆಗೆದು ಪ್ರಿಂಟ್ ಹಾಕಿ, ಪೆನ್ನು ಹಿಡಿದು ಒಂದೊಂದೇ ಕೋಶಕ್ಕೆ ಗುರುತು ಹಾಕುತ್ತಾ ಎಣಿಸುವುದು ಒಳ್ಳೆಯ ಪದ್ಧತಿ. ಕನಿಷ್ಠ 500 ಕೋಶ ಎಣಿಸಬೇಕು. 500ರಲ್ಲಿ 14 ಕಂದಾಗಿದ್ದರೆ ಶೇ 2.8, ಅಂದರೆ ಜಿ1. 15 ಇದ್ದರೆ ಶೇ 3, ಜಿ2. ಒಂದೇ ಒಂದು ಕೋಶದ ವ್ಯತ್ಯಾಸ! ಗಡ್ಡೆಯ ಮಧ್ಯೆ ನುಗ್ಗಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣವೂ ಕಂದಾಗಿರುತ್ತದೆ. ಅದನ್ನು ಗಡ್ಡೆಯ ಕೋಶ ಅಂತ ಎಣಿಸಿಬಿಟ್ಟರೆ ದರ್ಜೆ ಸುಳ್ಳಾಗುತ್ತದೆ. ಬರೀ ಕಣ್ಣಂದಾಜಿನಲ್ಲಿ ‘ಸುಮಾರು ಶೇ 2–5’ ಅಂತ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಆ ಅಂದಾಜಿನೊಳಗೇ ಎರಡು ದರ್ಜೆಗಳು ಬಂದುಬಿಡುತ್ತವೆ. ನಿಮ್ಮ ರಿಪೋರ್ಟ್‌ನಲ್ಲಿ ಹಾಗಿದ್ದರೆ “ಎಣಿಸಿದ ಸಂಖ್ಯೆ ಸಿಗುತ್ತದಾ?” ಅಂತ ವಿನಯದಿಂದ ಕೇಳಿ.

ಸಣ್ಣ ಬಯಾಪ್ಸಿಯಲ್ಲಿ ದರ್ಜೆ ಕಡಿಮೆ ಬಂದು, ಪೂರ್ತಿ ಗಡ್ಡೆ ತೆಗೆದ ಮೇಲೆ ಏರುವುದುಂಟು. ಒಡೆಯುವ ಕೋಶ ಎಣಿಸಲು ಆದರ್ಶವಾಗಿ 10 ಚದರ ಮಿಲಿಮೀಟರ್ ಜಾಗ ನೋಡಬೇಕು. ಚೂರು ತುಂಡಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಲಿವರ್‌ಗೆ ಹರಡಿದ ಭಾಗದ ದರ್ಜೆ ಮೂಲ ಗಡ್ಡೆಗಿಂತ ಮೇಲೂ ಇರಬಹುದು.

ಏಳನೇ ಹೆಜ್ಜೆ: ಜಿ3 ಬಂದರೆ

ಇಲ್ಲಿ ಅವಸರ ಬೇಡ. 20 ದಾಟಿದ ಗಡ್ಡೆಗಳಲ್ಲಿ ಎರಡು ಕುಲಗಳಿವೆ. ಒಂದು ‘ಎನ್‌ಇಟಿ ಜಿ3’, ಅಂದರೆ ನ್ಯೂರೋಎಂಡೋಕ್ರೈನ್ ಟ್ಯೂಮರ್, ದರ್ಜೆ 3. ವೇಗ ಜಾಸ್ತಿ, ಆದರೆ ಗೂಡು, ಪಟ್ಟಿ, ಉಪ್ಪು ಮೆಣಸಿನ ನೋಟ ಇನ್ನೂ ಉಳಿದಿರುತ್ತದೆ. ಇನ್ನೊಂದು ‘ಎನ್‌ಇಸಿ’, ಅಂದರೆ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ. ಅದರಲ್ಲಿ ರಚನೆ ಕೆಟ್ಟಿರುತ್ತದೆ, ಸತ್ತ ಕೋಶಗಳ ರಾಶಿ ಇರುತ್ತದೆ, ಕೆಐ-67 ಎಷ್ಟೋ ಸಲ ಶೇ 50 ದಾಟಿ ಹೋಗುತ್ತದೆ. ಎನ್‌ಇಸಿಗೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಕೀಮೋ ಕೊಡುತ್ತಾರೆ. ಎನ್‌ಇಟಿ ಜಿ3ಕ್ಕೆ ಆ ಕೀಮೋ ಅಷ್ಟು ಕೆಲಸ ಮಾಡುವುದಿಲ್ಲ.

ನೋಡಿ ಹೇಳಲು ಆಗದಿದ್ದರೆ ಮತ್ತೆ ಐಎಚ್‌ಸಿ ನೆರವು. ಆರ್‌ಬಿ ಪ್ರೋಟೀನ್ ಕಳೆದುಹೋಗಿದ್ದರೆ, ಪಿ53 ಅಸಹಜವಾಗಿದ್ದರೆ ಎನ್‌ಇಸಿ ಕಡೆಗೆ ವಾಲುತ್ತದೆ. ಪ್ಯಾಂಕ್ರಿಯಾಸ್‌ನಲ್ಲಿ ಎಟಿಆರ್‌ಎಕ್ಸ್ ಅಥವಾ ಡಿಎಎಕ್ಸ್‌ಎಕ್ಸ್ ಪ್ರೋಟೀನ್ ಕಳೆದಿದ್ದರೆ ಎನ್‌ಇಟಿ ಕಡೆಗೆ. ಹಾಗಾಗಿ ರಿಪೋರ್ಟ್‌ನಲ್ಲಿ ಬರೀ ‘ಹೈ ಗ್ರೇಡ್’ ಅಂತ ಇದ್ದರೆ, ಎನ್‌ಇಟಿಯೋ ಎನ್‌ಇಸಿಯೋ ಸ್ಪಷ್ಟ ಮಾಡಿಸಿಕೊಂಡ ಮೇಲೆ ಚಿಕಿತ್ಸೆಯ ಮಾತಿಗೆ ಕೂರಿ.

ಶ್ವಾಸಕೋಶದ ಲೆಕ್ಕ ಬೇರೆ. ಅಲ್ಲಿ ಇನ್ನೂ ‘ಕಾರ್ಸಿನಾಯ್ಡ್’ ಎಂಬ ಹಳೆಯ ಹೆಸರೇ ನಡೆಯುತ್ತದೆ. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಕೊಟ್ಟ ಹೆಸರು ಅದು. 2 ಚದರ ಮಿಲಿಮೀಟರ್‌ಗೆ ಒಡೆಯುವ ಕೋಶ 2ಕ್ಕಿಂತ ಕಡಿಮೆ, ಸತ್ತ ಕೋಶದ ರಾಶಿ ಇಲ್ಲ ಅಂದರೆ ಟಿಪಿಕಲ್ ಕಾರ್ಸಿನಾಯ್ಡ್. 2ರಿಂದ 10, ಅಥವಾ ಸತ್ತ ಕೋಶಗಳಿದ್ದರೆ ಎಟಿಪಿಕಲ್. 10 ದಾಟಿದರೆ ಬಹುಮಟ್ಟಿಗೆ ಕಾರ್ಸಿನೋಮಾ. ಕರುಳಿನ ಜಿ1, ಜಿ2 ಪಟ್ಟಿಯನ್ನು ಶ್ವಾಸಕೋಶದ ರಿಪೋರ್ಟ್‌ಗೆ ಹಚ್ಚಿ ಓದಬೇಡಿ.

ಎಂಟನೇ ಹೆಜ್ಜೆ: ಹುಟ್ಟಿದ್ದು ಎಲ್ಲಿ?

ಕೆಲವು ಸಲ ಮೊದಲು ಸಿಗುವುದೇ ಲಿವರ್‌ನ ಗಂಟು. ಮೂಲ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಆಗ ಇನ್ನಷ್ಟು ಮಾರ್ಕರ್‌ಗಳು ದಾರಿ ತೋರಿಸುತ್ತವೆ. ಟಿಟಿಎಫ್‌-1 ಶ್ವಾಸಕೋಶದ ಕಡೆ, ಸಿಡಿಎಕ್ಸ್‌2 ಸಣ್ಣ ಕರುಳಿನ ಕಡೆ, ಐಲೆಟ್‌-1 ಪ್ಯಾಂಕ್ರಿಯಾಸ್ ಅಥವಾ ಗುದನಾಳದ ಕಡೆ, ಎಸ್‌ಎಟಿಬಿ2 ಗುದನಾಳ ಅಥವಾ ಅಪೆಂಡಿಕ್ಸ್ ಕಡೆ. ಇವು ಸುಳಿವು ಮಾತ್ರ, ಅದರಲ್ಲೂ ಎನ್‌ಇಸಿಯಲ್ಲಿ ಅಷ್ಟು ನಂಬುವಂತಿಲ್ಲ. ಸ್ಕ್ಯಾನ್ ಜೊತೆ ಕೂಡಿಸಿ ನೋಡಬೇಕು. ಈ ಗಡ್ಡೆ ದೇಹದಲ್ಲಿ ಎಲ್ಲೆಲ್ಲಿದೆ ಅಂತ ತೋರಿಸುವ ಗ್ಯಾಲಿಯಂ-68 ಡೋಟಾ ಪೆಟ್ ಸ್ಕ್ಯಾನ್ ಬರೆದುಕೊಡುವುದು ಇದಕ್ಕೇ.

ರಕ್ತ, ಮೂತ್ರದ ಪರೀಕ್ಷೆ ಮಾಡಿಸುವ ಮೊದಲು

ಇದು ಪ್ಯಾಥಾಲಜಿಸ್ಟರ ಸ್ಲೈಡ್‌ನ ವಿಷಯವಲ್ಲ. ಆದರೂ ಇದರಲ್ಲಿ ಜನ ಬಹಳ ಹೆದರಿಕೊಳ್ಳುತ್ತಾರೆ. ರಕ್ತದ ಕ್ರೋಮೋಗ್ರಾನಿನ್ ಎ ಏರಿದೆ ಅಂದ ಮಾತ್ರಕ್ಕೆ ಗಡ್ಡೆ ಇದೆ ಅಂತಲ್ಲ. ನಮ್ಮ ಕಡೆ ಖಾರ, ಎಣ್ಣೆ ತಿಂದು ಎದೆ ಉರಿ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ಎಷ್ಟು ಜನ ಇದ್ದಾರಲ್ವಾ? ಆ ಮಾತ್ರೆಯಿಂದಲೂ ಅದು ಏರುತ್ತದೆ. ಕಿಡ್ನಿ ತೊಂದರೆ ಇದ್ದರೂ ಏರುತ್ತದೆ. ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. 24 ಗಂಟೆಯ ಮೂತ್ರದಲ್ಲಿ 5-ಎಚ್‌ಐಎಎ (ಸೆರೊಟೊನಿನ್ ಎಂಬ ಹಾರ್ಮೋನ್ ಒಡೆದಾಗ ಬರುವ ವಸ್ತು) ನೋಡುವುದಾದರೆ ಎರಡು ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ಬಿಡಬೇಕು.

ರಿಪೋರ್ಟ್ ಕೈಗೆ ಬಂದ ಮೇಲೆ

ಆಪರೇಷನ್ ಆದ ಗಡ್ಡೆಯ ರಿಪೋರ್ಟ್‌ನಲ್ಲಿ ಗಡ್ಡೆಯ ಅಳತೆ, ದರ್ಜೆ, ಕೆಐ-67 ಸಂಖ್ಯೆ, ಎಷ್ಟು ಆಳಕ್ಕೆ ಇಳಿದಿದೆ, ರಕ್ತನಾಳ ಅಥವಾ ನರದೊಳಗೆ ಹೊಕ್ಕಿದೆಯಾ, ಕತ್ತರಿಸಿದ ಅಂಚು ಗಡ್ಡೆಯಿಲ್ಲದೆ ಸ್ವಚ್ಛವಾಗಿದೆಯಾ, ಎಷ್ಟು ದುಗ್ಧರಸ ಗ್ರಂಥಿ (ಲಿಂಫ್ ನೋಡ್) ನೋಡಿ ಎಷ್ಟರಲ್ಲಿ ಗಡ್ಡೆ ಸಿಕ್ಕಿತು ಎಂಬುದು ಇರಬೇಕು. ನಮ್ಮ ರೈತರ ಗಂಟನ್ನು ಆಮೇಲೆ ಪೂರ್ತಿ ತೆಗೆದು, ಅದರ ರಿಪೋರ್ಟ್‌ನಲ್ಲಿ 6 ಮಿಲಿಮೀಟರ್, ಜಿ1, ರಕ್ತನಾಳ ಮುಟ್ಟಿಲ್ಲ, ಅಂಚು ಸ್ವಚ್ಛ ಎಂದಿದ್ದರೆ ಅವರು ಮುಧೋಳಕ್ಕೆ ವಾಪಸ್ ಹೋಗಿ ಕಬ್ಬಿನ ಕೆಲಸ ನೋಡಿಕೊಳ್ಳಬಹುದು. ಅಂಚಿನಲ್ಲಿ ಗಡ್ಡೆ ಉಳಿದಿದೆ ಎಂದಿದ್ದರೆ ಮತ್ತೆ ಎಂಡೋಸ್ಕೋಪಿ ಡಾಕ್ಟರ ಹತ್ತಿರ ಹೋಗಬೇಕು.

ದರ್ಜೆ ಜಿ2 ಅಥವಾ ಮೇಲೆ ಇದ್ದರೆ, ರಿಪೋರ್ಟ್‌ಗೂ ಸ್ಕ್ಯಾನ್‌ಗೂ ಹೊಂದದಿದ್ದರೆ, ಸ್ಲೈಡ್ ರಿವ್ಯೂ, ಅಂದರೆ ಇನ್ನೊಬ್ಬ ಪ್ಯಾಥಾಲಜಿಸ್ಟ್ ಹತ್ತಿರ ಸ್ಲೈಡ್ ಮತ್ತೆ ನೋಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಳಗಾವಿಯ ಜೆಎನ್ ಮೆಡಿಕಲ್ ಕಾಲೇಜು, ಬಿಮ್ಸ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ಎಲ್ಲ ಕಡೆ ಪ್ಯಾಥಾಲಜಿ ವಿಭಾಗಗಳಿವೆ. ಮುಂಬೈ ಟಾಟಾ ಅಥವಾ ಬೆಂಗಳೂರು ಕಿದ್ವಾಯಿಗೆ ಹೊರಟಿದ್ದರೆ ಬರೀ ರಿಪೋರ್ಟ್ ಕಾಗದ ಒಯ್ಯಬೇಡಿ. ಅಲ್ಲಿಯ ಡಾಕ್ಟರರು ತಾವೇ ಸ್ಲೈಡ್ ನೋಡಿ ತೀರ್ಮಾನ ಮಾಡುತ್ತಾರೆ. ಮೊದಲು ಪರೀಕ್ಷೆ ಮಾಡಿದ ಲ್ಯಾಬ್‌ಗೆ ಒಂದು ಅರ್ಜಿ ಬರೆದು, ಸಾದಾ ಸ್ಲೈಡ್, ಐಎಚ್‌ಸಿ ಸ್ಲೈಡ್, ಮೇಣದ ಬ್ಲಾಕ್ ಮೂರನ್ನೂ ಪಡೆದುಕೊಳ್ಳಿ. ಕೊಟ್ಟ ಬ್ಲಾಕ್ ನಂಬರ್ ರಿಪೋರ್ಟ್‌ನ ನಂಬರಿಗೆ ತಾಳೆಯಾಗುತ್ತದಾ ಅಂತ ಅಲ್ಲಿಯೇ ನಿಂತು ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ತಂದು ಅದೇ ಲ್ಯಾಬ್‌ಗೆ ಕೊಡಿ. ವರ್ಷಗಳ ನಂತರ ಗಡ್ಡೆ ಮರಳಿ ಬಂದರೆ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.

ಸ್ಲೈಡ್‌ಗಳನ್ನು ಪ್ಲಾಸ್ಟಿಕ್ ಸ್ಲೈಡ್ ಡಬ್ಬಿಯಲ್ಲಿ ಇಡಿಸಿಕೊಳ್ಳಿ, ಕಾಗದದಲ್ಲಿ ಸುತ್ತಿದರೆ ಗಾಜು ಒಡೆಯುತ್ತದೆ. ಬ್ಲಾಕ್‌ಗಳನ್ನು ಸಣ್ಣ ಚೀಲದಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ಗೊತ್ತೇ ಇದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಬಿಟ್ಟು ಊಟಕ್ಕೆ ಹೋಗಬೇಡಿ, ಪ್ಯಾರಾಫಿನ್ ಮೇಣ 60 ಡಿಗ್ರಿಯ ಒಳಗೇ ಕರಗುತ್ತದೆ.